ಸೊಂಟದ ಕೀಲು ಬದಲಿಸಿದ ಮೇಲೆ ಗಾಡಿ ಓಡಿಸುವುದು ಯಾವಾಗ?



ಸೊಂಟದ ಕೀಲಿನ ಆಪರೇಷನ್ ಆದವರು ವಾಕರ್ ಹಿಡಿದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಹಾಕಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಗಾಡಿ ಯಾವಾಗ ಹೊಡೀಬಹುದ್ರಿ?" ಇದು ಸಣ್ಣ ಪ್ರಶ್ನೆಯಲ್ಲ. ಆಟೋ ಓಡಿಸುವವರಿಗೆ, ಟ್ರ್ಯಾಕ್ಟರ್ ಹೊಡೆಯುವ ರೈತರಿಗೆ, ಬೆಳಿಗ್ಗೆ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರಿಗೆ, ಸ್ಕೂಟಿಯಲ್ಲಿ ಶಾಲೆಗೆ ಹೋಗುವ ಟೀಚರಮ್ಮನಿಗೆ ಗಾಡಿಯೇ ಅನ್ನ. ಗಾಡಿ ನಿಂತರೆ ಸಂಪಾದನೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಕೆಲವರು ಮೂರನೇ ವಾರಕ್ಕೇ ಯಾರಿಗೂ ಹೇಳದೆ ಗಾಡಿಯ ಕೀಲಿ ತೆಗೆದುಕೊಂಡು ಹೊರಡುತ್ತಾರೆ. ಇನ್ನು ಕೆಲವರು ಹೆದರಿಕೊಂಡು ವರ್ಷ ಕಳೆದರೂ ಗಾಡಿ ಮುಟ್ಟುವುದಿಲ್ಲ. ಎರಡೂ ಸರಿಯಲ್ಲ. ಯಾವ ಗಾಡಿ, ಎಷ್ಟು ದಿನಕ್ಕೆ, ಏಕೆ ಎಂಬುದನ್ನು ತಿಳಿದುಕೊಂಡರೆ ಹೆದರಿಕೆಯೂ ಇರುವುದಿಲ್ಲ, ಅವಸರವೂ ಇರುವುದಿಲ್ಲ.

ಇಲ್ಲಿ ಹೇಳಿರುವುದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾಹಿತಿ. ನಿಮ್ಮ ಆಪರೇಷನ್ ಮಾಡಿದ ಡಾಕ್ಟರು ನಿಮಗೆ ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಪಾಲಿಸಿ.

ಒಳಗೆ ಏನು ಬದಲಾಗಿದೆ?

ಸೊಂಟದ ಕೀಲು ಎಂದರೆ ಬೆನ್ನಿನ ಕೆಳಗಿನ ಸೊಂಟವಲ್ಲ. ತೊಡೆಯ ಮೂಳೆಯ ಮೇಲ್ತುದಿಯ ಗುಂಡು, ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂಥ ಕುಳಿಯಲ್ಲಿ ಕೂತು ತಿರುಗುವ ಜಾಗ ಅದು. ಸವೆತ, ಸಂಧಿವಾತ, ಗುಂಡಿನ ಭಾಗಕ್ಕೆ ರಕ್ತ ಸಂಚಾರ ನಿಂತು ಮೂಳೆ ಕುಸಿಯುವುದು, ಬಿದ್ದು ಮೂಳೆ ಮುರಿಯುವುದು ಇವುಗಳಿಂದ ಈ ಕೀಲು ಕೆಡುತ್ತದೆ. ಆಪರೇಷನ್‌ನಲ್ಲಿ ಕೆಟ್ಟ ಗುಂಡನ್ನು ತೆಗೆದು, ತೊಡೆಯ ಮೂಳೆಯೊಳಗೆ ಲೋಹದ ಕಡ್ಡಿ ಕೂರಿಸಿ, ಅದರ ತುದಿಗೆ ಲೋಹದ ಅಥವಾ ಸಿರಾಮಿಕ್ ಗುಂಡು ಹಾಕುತ್ತಾರೆ. ಕುಳಿಗೆ ಹೊಸ ಬಟ್ಟಲು ಕೂರಿಸುತ್ತಾರೆ. ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಅವರು 1962ರಲ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಬಳಸಿ ಮಾಡಿದ ಆಪರೇಷನ್ ಇಂದಿನ ಪದ್ಧತಿಗೆ ದಾರಿ ಮಾಡಿತು. ಮುರಿತವಾದ ವಯಸ್ಸಾದವರಲ್ಲಿ ಕೆಲವೊಮ್ಮೆ ಗುಂಡನ್ನು ಮಾತ್ರ ಬದಲಿಸುತ್ತಾರೆ. ಎಚ್ಚರಿಕೆಗಳು ಅವರಿಗೂ ಇವೇ.

ಹೊಸ ಕೀಲು ಗಟ್ಟಿಯಾದದ್ದೇ. ಆದರೆ ಅದನ್ನು ಕೂರಿಸುವಾಗ ಬಿಡಿಸಿದ ಅಥವಾ ಸರಿಸಿದ ಸ್ನಾಯುಗಳು ಮತ್ತು ಕೀಲಿನ ಸುತ್ತಲಿನ ಪೊರೆ ಮತ್ತೆ ಕೂಡಿಕೊಳ್ಳಬೇಕು. ಅವು ಮಾಯುವ ತನಕ ಕಾಲನ್ನು ತಪ್ಪು ಕೋನಕ್ಕೆ ಮಡಚಿದರೆ ಗುಂಡು ಬಟ್ಟಲಿನಿಂದ ಜಾರಿ ಹೊರಗೆ ಬರಬಹುದು. ಇದನ್ನು ಕೀಲು ತಪ್ಪುವುದು ಎನ್ನುತ್ತೇವೆ. ಇದರ ಅಪಾಯ ಮೊದಲ 3 ತಿಂಗಳಲ್ಲಿ ಹೆಚ್ಚು. ಹಿಂಬದಿಯಿಂದ ಆಪರೇಷನ್ ಆದವರು ಮೂರು ವಿಷಯ ನೆನಪಿಡಬೇಕು:

1. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು. ಕುಳಿತಾಗ ಮಂಡಿಯು ಸೊಂಟಕ್ಕಿಂತ ಮೇಲೆ ಬರಬಾರದು.
2. ಕಾಲ ಮೇಲೆ ಕಾಲು ಹಾಕಬಾರದು.
3. ಆಪರೇಷನ್ ಆದ ಕಾಲಿನ ಪಾದವನ್ನು ಒಳಕ್ಕೆ ತಿರುಗಿಸಬಾರದು.

ಮುಂಬದಿಯಿಂದ ಆಪರೇಷನ್ ಆದವರಿಗೆ ಎಚ್ಚರಿಕೆಗಳು ಬೇರೆ. ಅವರು ಕಾಲನ್ನು ಹಿಂದಕ್ಕೆ ಚಾಚಿ ಪಾದವನ್ನು ಹೊರಕ್ಕೆ ತಿರುಗಿಸಬಾರದು. ನಿಮ್ಮದು ಯಾವ ಬದಿಯಿಂದ ಆಗಿದೆ ಎಂದು ಡಿಸ್ಚಾರ್ಜ್ ದಿನ ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಪಾಲಿಸುವ ನಿಯಮವೇ ಗಾಡಿಯಲ್ಲೂ ನಿಯಮ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಅನುಮತಿ ಇಲ್ಲದ ಕಾಲಿಗೆ ತಗ್ಗು ಸೀಟಿನಲ್ಲಿ ಮುದುಡಿ ಕೂರಲೂ ಅನುಮತಿ ಇಲ್ಲ. ಇಷ್ಟಲಿಂಗ ಪೂಜೆಯನ್ನು ಎತ್ತರದ ಕುರ್ಚಿಯ ಮೇಲೆ ಕುಳಿತು ಮಾಡಿ. ದಾಸೋಹದಲ್ಲಿ ಪಂಕ್ತಿಗೆ ಕೂರದೆ ಮೇಜು ಕುರ್ಚಿ ಕೇಳಿ. ಇದರಲ್ಲಿ ಸಂಕೋಚ ಬೇಡ.

ಆಸ್ಪತ್ರೆಯಿಂದ ಮನೆಗೆ: ಮೊದಲ ಪ್ರಯಾಣ

ಗಾಡಿ ಓಡಿಸುವ ಮೊದಲು ಗಾಡಿಯಲ್ಲಿ ಕೂರುವುದನ್ನು ಕಲಿಯಬೇಕು. ಡಿಸ್ಚಾರ್ಜ್ ದಿನ ಮನೆಗೆ ಹೋಗಲು ಕಾರು ಉತ್ತಮ. ಮುಂದಿನ ಎಡ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನಿನ ಭಾಗವನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ಸೀಟು ತಗ್ಗಾಗಿದ್ದರೆ ಗಟ್ಟಿ ದಿಂಬು ಅಥವಾ ಮಡಚಿದ ಕಂಬಳಿ ಹಾಕಿ. ಹತ್ತುವ ಕ್ರಮ ಹೀಗೆ:

1. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಫುಟ್‌ಪಾತ್ ಕಲ್ಲಿನ ಮೇಲೆ ನಿಂತು ಹತ್ತಬೇಡಿ, ಆಗ ಸೀಟು ಇನ್ನೂ ತಗ್ಗಾಗುತ್ತದೆ.
2. ಬೆನ್ನು ಸೀಟಿನ ಕಡೆ ಮಾಡಿ, ಕಾಲಿಗೆ ಸೀಟು ತಾಗುವ ತನಕ ಹಿಂದಕ್ಕೆ ಹೆಜ್ಜೆ ಹಾಕಿ.
3. ಆಪರೇಷನ್ ಆದ ಕಾಲನ್ನು ಮುಂದಕ್ಕೆ ಚಾಚಿ, ಕೈ ಊರಿ, ನಿಧಾನವಾಗಿ ಕುಳಿತುಕೊಳ್ಳಿ. ತಲೆ ತಾಗದಂತೆ ನೋಡಿಕೊಳ್ಳಿ, ಆದರೆ ಮುಂದಕ್ಕೆ ಬಗ್ಗಬೇಡಿ.
4. ಹಿಂದಕ್ಕೆ ಸರಿದು, ಮೈ ಮತ್ತು ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿ. ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿದರೆ ಸುಲಭವಾಗಿ ತಿರುಗಬಹುದು. ಕುಳಿತ ಮೇಲೆ ಅದನ್ನು ತೆಗೆದುಬಿಡಿ, ಬ್ರೇಕ್ ಹಾಕಿದಾಗ ಜಾರುತ್ತದೆ.
5. ಸೀಟ್ ಬೆಲ್ಟ್ ಹಾಕಿಕೊಳ್ಳಿ. ಗಾಯಕ್ಕೆ ಒತ್ತಿದರೆ ನಡುವೆ ಮೆತ್ತನೆಯ ಟವೆಲ್ ಇಡಿ. ಬೆಲ್ಟ್ ಬಿಡಬೇಡಿ.

ಇಳಿಯುವಾಗ ಇದೇ ಕ್ರಮ ತಿರುವುಮುರುವು. ದೂರದ ಊರಾದರೆ ಗಂಟೆಗೊಮ್ಮೆ ನಿಲ್ಲಿಸಿ, ಇಳಿದು, ಐದು ನಿಮಿಷ ವಾಕರ್‌ನಲ್ಲಿ ಓಡಾಡಿ. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಬಹಳ ಹೊತ್ತು ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಬಸ್ಸಿನ ಮೆಟ್ಟಿಲು ಎತ್ತರ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾದ ಮೇಲೆ ತಪಾಸಣೆಗೆ ಬಸ್ಸಿನಲ್ಲೇ ಬರುವ ತಾಯಂದಿರು ಹೆಚ್ಚು. ಮೊದಲ 6 ವಾರ ಬಸ್ ಬೇಡ. ನಂತರ ಬರುವುದಾದರೆ ರಶ್ ಇಲ್ಲದ ಹೊತ್ತು ನೋಡಿ, ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ. ಮೆಟ್ಟಿಲಿಗೆ ಒಂದು ಸೂತ್ರ ನೆನಪಿಡಿ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

"ನೋವು ಇಲ್ಲ, ಹಾಗಾದರೆ ಓಡಿಸಬಹುದಲ್ಲ?"

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಆಪರೇಷನ್‌ಗೆ ಮೊದಲು ವರ್ಷಗಟ್ಟಲೆ ನೋವು ತಿಂದವರಿಗೆ ಎರಡು ಮೂರು ವಾರದಲ್ಲಿ ಹಳೆಯ ನೋವು ಹೋದದ್ದು ದೊಡ್ಡ ಸಮಾಧಾನ. ಕಾಲು ಪೂರ್ತಿ ಸರಿಯಾಯಿತು ಎಂದು ಮನಸ್ಸಿಗೆ ಅನ್ನಿಸುತ್ತದೆ. ಆದರೆ ಗಾಡಿ ಓಡಿಸಲು ನೋವಿಲ್ಲದಿದ್ದರೆ ಸಾಲದು. ತಟ್ಟನೆ ಪಾದ ಎತ್ತಿ, ಪಕ್ಕಕ್ಕೆ ಸರಿಸಿ, ಬಲವಾಗಿ ಒತ್ತುವ ಶಕ್ತಿ ಬೇಕು. ಈ ಕೆಲಸ ಮಾಡುವ ಸ್ನಾಯುಗಳೇ ಈಗ ಸೋತಿರುವವು.

ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 16 ಮೀಟರ್‌ಗಿಂತ ಹೆಚ್ಚು ದೂರ ಸಾಗುತ್ತದೆ. ಮಗುವೊಂದು ಅಡ್ಡ ಬಂತು. ನಿಮ್ಮ ಪಾದ ಬ್ರೇಕ್ ಮುಟ್ಟಲು ಮೊದಲಿಗಿಂತ ಬರೀ ಅರ್ಧ ಸೆಕೆಂಡ್ ತಡ ಮಾಡಿತು. ಅಷ್ಟರಲ್ಲಿ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಹೆಚ್ಚು ಕಡಿಮೆ ಒಂದು ಟ್ರ್ಯಾಕ್ಟರ್ ಮತ್ತು ಅದರ ಟ್ರೇಲರ್ ಸೇರಿದಷ್ಟು ಉದ್ದ. ಮಗು ಉಳಿಯುವುದೂ ಉಳಿಯದಿರುವುದೂ ಆ 8 ಮೀಟರಿನಲ್ಲಿದೆ.

ಆಪರೇಷನ್ ಆದವರ ಬ್ರೇಕ್ ಒತ್ತುವ ವೇಗವನ್ನು ಅಳೆದು ನೋಡಿದ ಅಧ್ಯಯನಗಳಿವೆ. ಸಾಮಾನ್ಯವಾಗಿ 4ರಿಂದ 8 ವಾರಗಳ ಹೊತ್ತಿಗೆ ಅದು ಹಿಂದಿನ ಮಟ್ಟಕ್ಕೆ ಬರುತ್ತದೆ. ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ವಯಸ್ಸು, ಮೊದಲಿದ್ದ ಕಾಯಿಲೆ, ವ್ಯಾಯಾಮ ಮಾಡಿದ್ದು ಬಿಟ್ಟಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಯಾವ ಗಾಡಿಗೆ ಎಷ್ಟು ದಿನ?

ಕಾರು: ನಮ್ಮ ದೇಶದ ಕಾರುಗಳಲ್ಲಿ ಬಲಗಾಲು ಆಕ್ಸಿಲರೇಟರ್ ಮತ್ತು ಬ್ರೇಕ್ ನೋಡಿಕೊಳ್ಳುತ್ತದೆ, ಎಡಗಾಲು ಕ್ಲಚ್ ನೋಡಿಕೊಳ್ಳುತ್ತದೆ. ಬಲ ಸೊಂಟದ ಆಪರೇಷನ್ ಆದವರು ಕನಿಷ್ಠ 6 ವಾರ ಕಾಯಬೇಕು. ಎಡ ಸೊಂಟದ ಆಪರೇಷನ್ ಆಗಿ ಕ್ಲಚ್ ಇರುವ ಕಾರಾದರೆ ಅವರಿಗೂ 6 ವಾರವೇ, ಏಕೆಂದರೆ ಊರಿನ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತುವ ಕೆಲಸ ಬ್ರೇಕಿಗಿಂತ ಹೆಚ್ಚು. ಎಡ ಸೊಂಟದ ಆಪರೇಷನ್ ಆಗಿ, ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರಾಗಿದ್ದರೆ ಡಾಕ್ಟರು ಸ್ವಲ್ಪ ಮೊದಲೇ ಅನುಮತಿ ಕೊಡಬಹುದು. ಎರಡೂ ಕಡೆ ಆಪರೇಷನ್ ಆಗಿದ್ದರೆ ಎರಡನೆಯದು ಆದ ದಿನದಿಂದ ಎಣಿಸಿ. 6 ವಾರ ಆದ ಮಾತ್ರಕ್ಕೆ ಅನುಮತಿ ಸಿಕ್ಕಿತು ಎಂದಲ್ಲ. 6ನೇ ವಾರದ ತಪಾಸಣೆಗೆ ಬಂದು, ಎಕ್ಸ್‌-ರೇ ನೋಡಿ, ಡಾಕ್ಟರು ಹೇಳಿದ ಮೇಲೆಯೇ.

ಗೇರ್ ಇಲ್ಲದ ಸ್ಕೂಟರ್: ಇದರಲ್ಲಿ ಬ್ರೇಕ್ ಕೈಯಲ್ಲಿದೆ, ಕಾಲಿಗೇನು ಕೆಲಸ ಎಂದು ಕೇಳುತ್ತಾರೆ. ಗಾಡಿ ನಿಂತಾಗ ಗಾಡಿಯ ಮತ್ತು ನಿಮ್ಮ ಭಾರ ಹೊರುವುದು ಕಾಲು. ಮರಳಿನ ಮೇಲೆ, ಸಗಣಿಯ ಮೇಲೆ, ಮಳೆ ನೀರಿನ ಗುಂಡಿಯಲ್ಲಿ ಗಾಡಿ ವಾಲಿದರೆ ನೂರು ಕಿಲೋ ತೂಕದ ಗಾಡಿಯನ್ನು ಒಂದೇ ಕಾಲಿನಲ್ಲಿ ತಡೆಯಬೇಕು. ಹೊಸ ಕೀಲಿನ ಮೇಲೆ ಬಿದ್ದರೆ ಲೋಹದ ಕಡ್ಡಿಯ ಸುತ್ತಲಿನ ಮೂಳೆ ಮುರಿಯಬಹುದು. ಆ ಆಪರೇಷನ್ ಮೊದಲಿನದಕ್ಕಿಂತ ದೊಡ್ಡದು. ಆದ್ದರಿಂದ ಸ್ಕೂಟರಿಗೆ ಸುಮಾರು 3 ತಿಂಗಳು.

ಬೈಕು: 3 ತಿಂಗಳಿಗಿಂತ ಮುಂಚೆ ಖಂಡಿತ ಬೇಡ. ನಾವು ಬೈಕಿನ ಎಡಬದಿಯಿಂದ ಹತ್ತುತ್ತೇವೆ. ಬಲಗಾಲಿನ ಆಪರೇಷನ್ ಆಗಿದ್ದರೆ ಆ ಕಾಲನ್ನೇ ಎತ್ತಿ, ಅಗಲಿಸಿ, ಸೀಟಿನ ಮೇಲಿಂದ ತಿರುಗಿಸಬೇಕು. ಎಡಗಾಲಿನ ಆಪರೇಷನ್ ಆಗಿದ್ದರೆ ಪೂರ್ತಿ ಮೈ ಭಾರ ಅದೊಂದೇ ಕಾಲಿನ ಮೇಲೆ ಬೀಳುತ್ತದೆ. ಎರಡರಲ್ಲೂ ತೊಂದರೆ ಇದೆ. ಬಲಗಾಲಿಗೆ ಹಿಂದಿನ ಬ್ರೇಕ್, ಎಡಗಾಲಿಗೆ ಗೇರ್. ಕಿಕ್ ಹೊಡೆಯುವುದು ಬೇಡ, ಸೆಲ್ಫ್ ಸ್ಟಾರ್ಟ್ ಮಾತ್ರ ಬಳಸಿ. ಮೇನ್ ಸ್ಟ್ಯಾಂಡ್ ಎಳೆಯುವುದು ಬೇಡ, ಸೈಡ್ ಸ್ಟ್ಯಾಂಡ್ ಹಾಕಿ. ಹಾಲಿನ ಕ್ಯಾನು, ಸಿಲಿಂಡರ್, ಗೊಬ್ಬರದ ಚೀಲ ಕಟ್ಟಿಕೊಂಡು ಹೋಗುವವರು ಮೊದಲು ಖಾಲಿ ಬೈಕಿನಲ್ಲಿ ಕೆಲವು ವಾರ ಅಭ್ಯಾಸ ಮಾಡಿ, ಆಮೇಲೆ ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಭಾರ ಹಾಕಿ.

ಬೈಕಿನ ಹಿಂದೆ ಕೂರುವುದು: ಸೀರೆ ಉಟ್ಟವರು ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾರೆ. ಆಗ ಮೈ ಒಂದು ಕಡೆ, ಕಾಲು ಒಂದು ಕಡೆ ತಿರುಗಿರುತ್ತದೆ. ಹಂಪ್ ಬಂದರೆ ಗಟ್ಟಿ ಹಿಡಿತವೂ ಇರುವುದಿಲ್ಲ. ಮೊದಲ 3 ತಿಂಗಳು ಯಾರ ಬೈಕಿನ ಹಿಂದೆಯೂ ಕೂರಬೇಡಿ. "ಇಲ್ಲೇ ಬಸ್‌ಸ್ಟ್ಯಾಂಡಿಗೆ, ಎರಡು ನಿಮಿಷ" ಎಂದರೂ ಬೇಡ.

ಆಟೋರಿಕ್ಷಾ ಓಡಿಸುವವರು: ಆಟೋದಲ್ಲಿ ಬ್ರೇಕ್ ಬಲಗಾಲಿನಲ್ಲಿ, ಕ್ಲಚ್ ಮತ್ತು ಗೇರ್ ಎಡಗೈಯಲ್ಲಿ. ಹಾಗಾಗಿ ಬಲ ಸೊಂಟದವರು ಹೆಚ್ಚು ಜಾಗ್ರತೆಯಿಂದಿರಬೇಕು. ಡ್ರೈವರ್ ಸೀಟಿನಲ್ಲಿ ಕುಳಿತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆಯೇ ನೋಡಿ. ಬಂದರೆ ಸೀಟಿನ ಮೇಲೆ ಗಟ್ಟಿ ಫೋಮ್ ಹಾಕಿಸಿ ಎತ್ತರ ಮಾಡಿ. ಬಗ್ಗಿ ಲಿವರ್ ಎಳೆದು ಸ್ಟಾರ್ಟ್ ಮಾಡುವ ಹಳೆಯ ಆಟೋ ಇದ್ದವರು ಬಗ್ಗುವ ಅನುಮತಿ ಸಿಗುವವರೆಗೆ ಅದನ್ನು ಓಡಿಸಬಾರದು. ಪಕ್ಕದಲ್ಲಿ ಇಬ್ಬರನ್ನು ಕೂರಿಸಿಕೊಂಡು, ಸೀಟಿನ ಅಂಚಿನಲ್ಲಿ ಓರೆಯಾಗಿ ಕೂತು ಓಡಿಸುವ ಅಭ್ಯಾಸವನ್ನು ಶಾಶ್ವತವಾಗಿ ಬಿಟ್ಟುಬಿಡಿ.

ಟ್ರ್ಯಾಕ್ಟರ್, ಲಾರಿ, ಬಸ್ಸು: 3 ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಹತ್ತುವ ಮೆಟ್ಟಿಲು ಎತ್ತರ, ಕ್ಲಚ್ ಬಿಗಿ, ಹೊಲದಲ್ಲಿ ಕುಲುಕಾಟ ಬಹಳ. ಟ್ರ್ಯಾಕ್ಟರಿನಿಂದ ಎಂದೂ ಜಿಗಿಯಬೇಡಿ. ಮುಖವನ್ನು ಗಾಡಿಯ ಕಡೆ ಮಾಡಿ, ಹಿಡಿದುಕೊಂಡು, ಹಿಮ್ಮುಖವಾಗಿ ಇಳಿಯಿರಿ. ಮೊದಲು ರಸ್ತೆಯಲ್ಲಿ ಖಾಲಿ ಓಡಿಸಿ, ಉಳುಮೆ ಆಮೇಲೆ. ಮೂಟೆ ಹೊರುವುದು, ಟ್ರೇಲರ್ ಕೊಂಡಿ ಎತ್ತುವುದು ಬೇರೆಯವರು ಮಾಡಲಿ.

ಮಾತ್ರೆ ಮತ್ತು ಗಾಡಿ

ಆಪರೇಷನ್ ನಂತರ ಕೊಡುವ ಕೆಲವು ನೋವಿನ ಮಾತ್ರೆಗಳು, ಉದಾಹರಣೆಗೆ ಟ್ರಮಡಾಲ್, ಮಂಪರು ತರುತ್ತವೆ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮತ್ತು ನಿದ್ರೆ ಮಾತ್ರೆಗಳೂ ಹಾಗೆಯೇ. ಇವನ್ನು ತೆಗೆದುಕೊಳ್ಳುವಾಗ ಗಾಡಿ ಓಡಿಸಬಾರದು. "ನನಗೇನೂ ನಿದ್ದೆ ಬರುವುದಿಲ್ಲ" ಎನ್ನುವವರಿಗೂ ಕಣ್ಣು ಮತ್ತು ಕಾಲಿನ ನಡುವಿನ ಚುರುಕು ಕಡಿಮೆಯಾಗಿರುತ್ತದೆ. ಗಾಡಿ ಓಡಿಸಬೇಕೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ, ಅವರು ಬದಲಿಸಿ ಕೊಡುತ್ತಾರೆ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಅಥವಾ ಇಂಜೆಕ್ಷನ್ ಕೆಲವರಿಗೆ 35 ದಿನಗಳವರೆಗೂ ಇರುತ್ತದೆ. ಈ ಸಮಯದಲ್ಲಿ ಬಿದ್ದರೆ ರಕ್ತಸ್ರಾವ ಹೆಚ್ಚು. ದ್ವಿಚಕ್ರ ವಾಹನ ಬೇಡ ಎನ್ನಲು ಇದೂ ಒಂದು ಕಾರಣ.

ಸಿದ್ಧರಿದ್ದೀರಾ? ಮನೆಯಲ್ಲೇ ನೋಡಿಕೊಳ್ಳಿ

6ನೇ ವಾರದ ತಪಾಸಣೆಗೆ ಬರುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಬನ್ನಿ:

1. ವಾಕರ್, ಕೋಲು ಇಲ್ಲದೆ ಅಥವಾ ಒಂದೇ ಕೋಲಿನಲ್ಲಿ ಕುಂಟದೆ ನಡೆಯುತ್ತೀರಾ?
2. ಯಾರ ಸಹಾಯವೂ ಇಲ್ಲದೆ ಡ್ರೈವರ್ ಸೀಟಿಗೆ ಹತ್ತಿ ಇಳಿಯುತ್ತೀರಾ?
3. ಕುರ್ಚಿಯ ಮೇಲೆ ಕುಳಿತು, ಹಿಮ್ಮಡಿ ನೆಲದ ಮೇಲಿಟ್ಟು, ಪಾದವನ್ನು ಎಡಕ್ಕೂ ಬಲಕ್ಕೂ ಬೇಗಬೇಗ ಸರಿಸಿ ಒತ್ತಬಲ್ಲಿರಾ? ಎರಡೂ ಕಾಲಿನಲ್ಲಿ ಮಾಡಿ ಹೋಲಿಸಿ ನೋಡಿ.
4. ಎಂಜಿನ್ ಆರಿಸಿ ನಿಲ್ಲಿಸಿದ ಕಾರಿನಲ್ಲಿ ಕುಳಿತಾಗ, ಪಕ್ಕದವರು "ನಿಲ್ಲಿಸು!" ಎಂದ ತಕ್ಷಣ ಬ್ರೇಕನ್ನು ಪೂರ್ತಿ ಒತ್ತಬಲ್ಲಿರಾ? ಒತ್ತುವಾಗ ತೊಡೆಸಂದಿಯಲ್ಲಿ ಚುಳುಕ್ ಎನ್ನುವುದೇ? ಮನಸ್ಸು ಹಿಂಜರಿಯುವುದೇ?
5. ಅರ್ಧ ಗಂಟೆ ಕುಳಿತು ಎದ್ದಾಗ ಕಾಲು ಬಿಗಿಯದೆ ಮೊದಲ ಹೆಜ್ಜೆ ಸರಾಗವಾಗಿ ಬರುತ್ತದೆಯೇ?
6. ಮಂಪರು ತರುವ ಮಾತ್ರೆ ಪೂರ್ತಿ ನಿಂತಿದೆಯೇ?

ಆರಕ್ಕೂ ನಿಜವಾಗಿ ತೃಪ್ತಿಕರ ಉತ್ತರ ಬಂದರೆ ಡಾಕ್ಟರ ಅನುಮತಿ ಕೇಳುವ ಹಂತಕ್ಕೆ ಬಂದಿದ್ದೀರಿ. ಒಂದಕ್ಕೆ "ಇಲ್ಲ" ಎಂದರೂ ಎರಡು ವಾರ ವ್ಯಾಯಾಮ ಮುಂದುವರಿಸಿ ಮತ್ತೆ ನೋಡಿ. ಈ ಎರಡು ವಾರ ನಷ್ಟವಲ್ಲ.

ಅನುಮತಿ ಸಿಕ್ಕಿದ ಮೇಲೆ

ಮೊದಲ ದಿನ ಊರ ಹೊರಗಿನ ಖಾಲಿ ಮೈದಾನದಲ್ಲಿ ಓಡಿಸಿ. ಓಡಿಸಲು ಬರುವವರೊಬ್ಬರು ಪಕ್ಕದಲ್ಲಿರಲಿ. ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ. ನಂತರ ಹಗಲಿನಲ್ಲಿ, ಪರಿಚಯದ ರಸ್ತೆಯಲ್ಲಿ, 10–15 ನಿಮಿಷ. ರಾತ್ರಿ, ಮಳೆ, ಸಂತೆ ದಿನ ಬೇಡ. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ದೂರದ ಪ್ರಯಾಣದಲ್ಲಿ ಗಂಟೆಗೊಮ್ಮೆ ಇಳಿದು ನಡೆಯಿರಿ. ಹಿಂದಿನ ಜೇಬಿನ ದಪ್ಪ ಪರ್ಸ್ ತೆಗೆದಿಡಿ, ಅದರಿಂದ ಸೊಂಟ ಒಂದು ಕಡೆ ಎತ್ತರವಾಗುತ್ತದೆ. ಚಪ್ಪಲಿ ಜಾರುವಂಥದ್ದು ಬೇಡ, ಹಿಮ್ಮಡಿಗೆ ಪಟ್ಟಿ ಇರುವುದು ಹಾಕಿ. ಗಾಡಿಯಿಂದ ಬಿದ್ದ ವಸ್ತುವನ್ನು ಬಗ್ಗಿ ಎತ್ತಲು ಹೋಗಬೇಡಿ.

ಈ ಲಕ್ಷಣ ಕಂಡರೆ ಗಾಡಿ ನಿಲ್ಲಿಸಿ, ಆಸ್ಪತ್ರೆಗೆ ಬನ್ನಿ

- ತೊಡೆಸಂದಿಯಲ್ಲಿ ತಟ್ಟನೆ ಜೋರು ನೋವು, ಕಾಲು ಗಿಡ್ಡವಾದಂತೆ ಅಥವಾ ತಿರುಚಿದಂತೆ ಕಾಣುವುದು, ಕಾಲೂರಲು ಆಗದಿರುವುದು. ಕೀಲು ತಪ್ಪಿರಬಹುದು. ಕಾಲನ್ನು ಯಾರೂ ಎಳೆಯಬಾರದು, ತಿಕ್ಕಬಾರದು. ಇದ್ದ ಹಾಗೆಯೇ ದಿಂಬಿನ ಆಸರೆ ಕೊಟ್ಟು 108ಕ್ಕೆ ಕರೆ ಮಾಡಿ.
- ಮೀನಖಂಡ ಊದಿ, ಬಿಸಿಯಾಗಿ, ನೋಯುವುದು.
- ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ಎದೆನೋವು. ತಡ ಮಾಡದೆ 108ಕ್ಕೆ ಕರೆ ಮಾಡಿ.
- ಗಾಯದಿಂದ ನೀರು ಅಥವಾ ಕೀವು, ಕೆಂಪಾಗುವುದು, ಜ್ವರ.
- ಬಿದ್ದರೆ, ನೋವು ಕಡಿಮೆ ಇದ್ದರೂ, ಎಕ್ಸ್‌-ರೇ ತೆಗೆಸಬೇಕು.

ಕಾನೂನು ಏನು ಹೇಳುತ್ತದೆ?

ಗಾಡಿ ಓಡಿಸಿದರೆ ಜನರಿಗೆ ಅಪಾಯವಾಗುವಂಥ ಕಾಯಿಲೆ ಅಥವಾ ಅಶಕ್ತತೆ ತನಗಿದೆ ಎಂದು ಗೊತ್ತಿದ್ದೂ ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಮೋಟಾರು ವಾಹನ ಕಾಯ್ದೆ 1988ರ 186ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲ 1,000 ರೂ. ವರೆಗೆ, ಮತ್ತೆ ಮಾಡಿದರೆ 2,000 ರೂ. ವರೆಗೆ ದಂಡ ಇದೆ. ದಂಡಕ್ಕಿಂತ ದೊಡ್ಡದು ಆಮೇಲಿನ ಕೋರ್ಟು, ವಿಮೆಯ ತಕರಾರು. ಆದ್ದರಿಂದ ಡಾಕ್ಟರು ಅನುಮತಿ ಕೊಟ್ಟ ದಿನ ಅದನ್ನು ಒಪಿಡಿ ಚೀಟಿಯಲ್ಲಿ ಬರೆಸಿಕೊಂಡು ಫೈಲಿನಲ್ಲಿ ಇಡಿ. ಆಟೋ, ಲಾರಿ, ಟ್ಯಾಕ್ಸಿ ಓಡಿಸುವವರಿಗೆ ಲೈಸೆನ್ಸ್ ನವೀಕರಣಕ್ಕೆ ಫಾರಂ 1-ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ಆಪರೇಷನ್ ಆದದ್ದನ್ನು ಅಲ್ಲಿ ಮುಚ್ಚಿಡಬೇಡಿ. ಕೀಲು ಬದಲಿಸಿದ ಮಾತ್ರಕ್ಕೆ ಲೈಸೆನ್ಸ್ ಹೋಗುವುದಿಲ್ಲ. ಕಾಲು ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂಬುದು ಮುಖ್ಯ.

ಆಪರೇಷನ್‌ಗೆ ಮೊದಲೇ ಮೂರು ತಿಂಗಳ ಲೆಕ್ಕ ಹಾಕಿ

ಅವಸರಕ್ಕೆ ನಿಜವಾದ ಕಾರಣ ಧೈರ್ಯವಲ್ಲ, ಹಣದ ಮುಗ್ಗಟ್ಟು. ಅದನ್ನು ನಾವು ಬಲ್ಲೆವು. ತುರ್ತಿಲ್ಲದ ಆಪರೇಷನ್ ಆದರೆ ದಿನಾಂಕ ಗೊತ್ತು ಮಾಡುವ ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಿ. ಆಟೋ ಇದ್ದವರು ಲೈಸೆನ್ಸ್ ಇರುವ ನಂಬಿಕಸ್ಥ ಡ್ರೈವರ್‌ಗೆ ದಿನದ ಬಾಡಿಗೆಗೆ ಕೊಡಬಹುದು. ರೈತರು ಬಿತ್ತನೆ, ಕಟಾವಿನ ಹೊತ್ತು ಬಿಟ್ಟು ದಿನಾಂಕ ಕೇಳಬಹುದು. ಕಂತು ಇದ್ದವರು ಬ್ಯಾಂಕಿಗೆ, ಫೈನಾನ್ಸಿಗೆ, ಸ್ವಸಹಾಯ ಸಂಘಕ್ಕೆ ಕಂತು ತಪ್ಪಿದ ಮೇಲೆ ಹೋಗುವ ಬದಲು ಮೊದಲೇ ಹೋಗಿ, ಆಸ್ಪತ್ರೆಯ ಪತ್ರ ತೋರಿಸಿ ಸಮಯ ಕೇಳಿ. ನೌಕರಿಯವರು ರಜೆಯನ್ನು 6 ವಾರಕ್ಕಲ್ಲ, ಓಡಾಟ ಸೇರಿಸಿ ಲೆಕ್ಕ ಹಾಕಿ. ಬಿದ್ದು ಮೂಳೆ ಮುರಿದು ಬಂದವರಿಗೆ ಇಷ್ಟು ಸಮಯ ಸಿಕ್ಕಿರುವುದಿಲ್ಲ. ಅವರು ವಾರ್ಡಿನಲ್ಲಿರುವಾಗಲೇ ನಮ್ಮ ಸಿಬ್ಬಂದಿಗೆ ತಿಳಿಸಿದರೆ ಬೇಕಾದ ಪತ್ರಗಳನ್ನು ಡಿಸ್ಚಾರ್ಜ್ ಹೊತ್ತಿಗೆ ಸಿದ್ಧ ಮಾಡಿಸಬಹುದು.

ಮನೆಯವರಿಗೆ ಒಂದು ಮಾತು. ಯಜಮಾನರು ಗಾಡಿ ಕೇಳಿದಾಗ ಕೀಲಿ ಬಚ್ಚಿಟ್ಟರೆ ಜಗಳವಾಗುತ್ತದೆ, ಕೊಟ್ಟರೆ ಅಪಾಯವಾಗುತ್ತದೆ. ಅದಕ್ಕಿಂತ ಈ ಹಾಳೆಯ ಆರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಜೊತೆಗೆ ಕುಳಿತು ಉತ್ತರ ಹುಡುಕಿ. ದುಡಿದು ಅಭ್ಯಾಸವಾದವರಿಗೆ ಸುಮ್ಮನೆ ಕೂರುವುದು ಕಾಯಿಲೆಗಿಂತ ಕಷ್ಟ. ಕುಳಿತು ಮಾಡುವ ಲೆಕ್ಕಪತ್ರ, ಫೋನಿನಲ್ಲಿ ವ್ಯವಹಾರ, ಮಕ್ಕಳ ಓದು ಹೀಗೆ ಏನಾದರೊಂದು ಜವಾಬ್ದಾರಿ ಕೊಡಿ. ತಪಾಸಣೆಗೆ ಬರಲು ಗಾಡಿಯ ವ್ಯವಸ್ಥೆಯನ್ನು ನೀವೇ ಮಾಡಿ. "ನೀವೇ ಹೋಗಿ ಬನ್ನಿ" ಎಂದು ಬಿಟ್ಟರೆ ಅವರು ಬೈಕ್ ತೆಗೆಯುತ್ತಾರೆ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಪಕ್ಕದ ಊರಿನವರು ಒಂದೇ ತಿಂಗಳಿಗೆ ಕಾರು ಓಡಿಸಿದರು. ನನಗೇಕೆ ಬೇಡ?
ಉತ್ತರ: ಅವರದು ಯಾವ ಕಾಲು, ಯಾವ ಕಾರು, ಯಾವ ಬಗೆಯ ಆಪರೇಷನ್ ಎಂಬುದು ಬೇರೆ ಇರಬಹುದು. ಸಿಮೆಂಟ್ ಇಲ್ಲದೆ ಕೂರಿಸಿದ ಕೀಲು ಇದ್ದವರಿಗೆ, ಮೂಳೆ ಮುರಿತವಿದ್ದವರಿಗೆ ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ಡಾಕ್ಟರು ಕೆಲವೊಮ್ಮೆ ತಡವಾಗಿ ಅನುಮತಿ ಕೊಡುತ್ತಾರೆ.

ಪ್ರಶ್ನೆ: ನಾನು ಒಬ್ಬನೇ ಇರುವುದು. ಔಷಧಿ ತರಲು ಸ್ಕೂಟರ್ ಬೇಡವೇ?
ಉತ್ತರ: 3 ತಿಂಗಳಿಗೆ ಬೇಕಾಗುವ ಮಾತ್ರೆಗಳ ಪಟ್ಟಿಯನ್ನು ಡಿಸ್ಚಾರ್ಜ್ ದಿನವೇ ಕೇಳಿ, ಒಟ್ಟಿಗೆ ತೆಗೆದುಕೊಳ್ಳಬಹುದಾದದ್ದನ್ನು ತೆಗೆದುಕೊಳ್ಳಿ. ನೆರೆಹೊರೆಯವರನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ಮುಂದೆ ಜೀವನಪೂರ್ತಿ ಹೆದರಿಕೊಂಡೇ ಓಡಿಸಬೇಕೇ?
ಉತ್ತರ: ಇಲ್ಲ. ಸ್ನಾಯು ಬಲಗೊಂಡ ಮೇಲೆ ಹೆಚ್ಚಿನವರು ಆಪರೇಷನ್‌ಗೆ ಮುಂಚಿನ ನೋವಿನ ದಿನಗಳಿಗಿಂತ ಚೆನ್ನಾಗಿ ಓಡಿಸುತ್ತಾರೆ. ಹೆಚ್ಚಿನ ಕೃತಕ ಕೀಲುಗಳು 15–20 ವರ್ಷ ಬಾಳುತ್ತವೆ. ಬೀಳದಂತೆ, ತೂಕ ಏರದಂತೆ ನೋಡಿಕೊಂಡು, ಡಾಕ್ಟರು ಹೇಳಿದಾಗ ತಪಾಸಣೆಗೆ ಬರುತ್ತಿದ್ದರೆ ಸಾಕು.

ಕೊನೆಯದಾಗಿ

ದುಡಿಮೆಗೆ ಮರಳಬೇಕೆಂಬ ನಿಮ್ಮ ತವಕ ಗೌರವದ್ದು. ಶರಣರು ಕಾಯಕವನ್ನು ಪೂಜೆಗೆ ಸಮವೆಂದು ಕಂಡವರು. ಆದರೆ ಕಾಯಕಕ್ಕೆ ಕಾಯ ಬೇಕು. ಗಾಡಿ ಓಡಿಸುವವರ ಕೈಯಲ್ಲಿ ತಮ್ಮ ಜೀವದ ಜೊತೆಗೆ ರಸ್ತೆಯಲ್ಲಿ ನಡೆಯುವ ಇನ್ನೊಬ್ಬರ ಜೀವವೂ ಇರುತ್ತದೆ. ಕಾರಿಗೆ 6 ವಾರ, ದ್ವಿಚಕ್ರ ಮತ್ತು ದೊಡ್ಡ ಗಾಡಿಗೆ 3 ತಿಂಗಳು, ಎರಡಕ್ಕೂ ಡಾಕ್ಟರ ಅನುಮತಿ. ಇಷ್ಟನ್ನು ನೆನಪಿಡಿ. ಈ ಹಾಳೆಯನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ. ಸಂಶಯವಿದ್ದರೆ ತಪಾಸಣೆಗೆ ಬಂದಾಗ ವಾರ್ಡಿನ ಸಿಸ್ಟರ್‌ಗಳನ್ನು ಕೇಳಿ. ಎಷ್ಟು ಸಲ ಕೇಳಿದರೂ ಹೇಳುತ್ತೇವೆ.

ಬೇಗ ಗುಣಮುಖರಾಗಿ.